53ನೇ ವಯಸ್ಸಿನಲ್ಲಿ ಡಿಮೆನ್ಷಿಯಾ: ನೌಕರಿಯಲ್ಲಿ ಮುಂದುವರಿಯಲು ಸಾಧ್ಯವೇ?

ಸುಮಂಗಲಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ 53 ವರ್ಷ. ರಾಜ್ಯ ಸರ್ಕಾರದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದಾರೆ. ಅವರಿಗೆ ಡಿಮೆನ್ಷಿಯಾದ (ಮರೆಗುಳಿತನದ) ಒಂದು ಬಗೆಯಾದ ಅಲ್ಜೈಮರ್ ಕಾಯಿಲೆಯ ಆರಂಭದ ಹಂತವೆಂದು ನರರೋಗ ತಜ್ಞರು ಈಚೆಗೆ ಖಚಿತಪಡಿಸಿದ್ದಾರೆ. ಹಳೆಯ ಕಡತಗಳ ಹಿನ್ನೆಲೆ, ನಿಯಮಾವಳಿ ಎಲ್ಲವೂ ಅವರಿಗೆ ಇಂದಿಗೂ ಚೆನ್ನಾಗಿ ನೆನಪಿವೆ. ಆದರೆ ಬೆಳಿಗ್ಗೆ ಬಂದ ಟಪಾಲನ್ನು ಯಾರಿಗೆ ಕೊಟ್ಟೆನೆಂಬುದು ಮಧ್ಯಾಹ್ನದ ಹೊತ್ತಿಗೆ ಮರೆತಿರುತ್ತದೆ. ಕಂಪ್ಯೂಟರ್‌ನಲ್ಲಿ ಕಡತ ನಿರ್ವಹಿಸುವ ಇ-ಆಫೀಸ್‌ನಲ್ಲಿ ಕಡತವನ್ನು ಮುಂದಕ್ಕೆ ಕಳಿಸುವ ಕ್ರಮವನ್ನು ಪ್ರತಿದಿನವೂ ಕೇಳಬೇಕಾಗುತ್ತದೆ. ಸ್ವಯಂ ನಿವೃತ್ತಿ ಪಡೆಯುವುದೇ ಒಳ್ಳೆಯದೆಂದು ಕಚೇರಿಯಲ್ಲಿ ಸೂಚಿಸಿದ್ದಾರೆ. ಅಣ್ಣನಿಗೆ ಕೆಲಸ ಬಿಡುವ ಮನಸ್ಸಿಲ್ಲ. ಇಂಥವರು ಉದ್ಯೋಗದಲ್ಲಿ ಮುಂದುವರಿಯುವ ಬಗ್ಗೆ ಸಂಶೋಧನೆಗಳು ಏನು ಹೇಳುತ್ತವೆ? ಕಾನೂನಿನ ರಕ್ಷಣೆ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಆಕ್ಯುಪೇಷನಲ್ ಥೆರಪಿಸ್ಟ್, ಮೈಸೂರು

ಸುಮಂಗಲಾ ಅವರೇ, ಮುಂದುವರಿಯಲು ಸಾಧ್ಯವಿದೆ. ಆದರೆ ಕೆಲಸದ ಸ್ವರೂಪ ಈಗಿರುವಂತೆಯೇ ಉಳಿದರೆ ಕಷ್ಟ. ಸ್ಕಾಟ್ಲೆಂಡಿನ ಪಶ್ಚಿಮ ಸ್ಕಾಟ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ರಿಚಿ ಮತ್ತು ಸಹ ಸಂಶೋಧಕರು ಇದೇ ಪ್ರಶ್ನೆಯನ್ನು ಹಿಡಿದು ಅಧ್ಯಯನ ನಡೆಸಿದ್ದಾರೆ. ತಕ್ಕ ಬೆಂಬಲವಿದ್ದರೆ ರೋಗ ಪತ್ತೆಯಾದ ನಂತರವೂ ದುಡಿಯಬಹುದು, ಆದರೆ ಆ ಅವಕಾಶ ನಿಜವಾಗಿ ದೊರೆಯುವುದು ಕೆಲವರಿಗಷ್ಟೇ ಎಂಬುದು ಅವರು ಕಂಡುಕೊಂಡ ಸಂಗತಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕಡಿಮೆ ವಯಸ್ಸಿನಲ್ಲೇ ಡಿಮೆನ್ಷಿಯಾಕ್ಕೆ ಒಳಗಾದ ಕೆಲವರು ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಮಳಿಗೆಯಲ್ಲಿ ವಾರಕ್ಕೊಮ್ಮೆ ಕೆಲಸ ಮಾಡುವ ಪ್ರಯೋಗ ನಡೆಯಿತು. ಅಲ್ಲಿ ಅವರ ಜೊತೆಗಾರರಾಗಿ ನಿಂತವರು ಅದೇ ಮಳಿಗೆಯ ಸಿಬ್ಬಂದಿ. ಅದರ ವರದಿ 2013ರಲ್ಲಿ ಪ್ರಕಟವಾಯಿತು.

ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಜಪಾನಿನ ತೊಮೊಫುಮಿ ತನ್ನೊ ಅವರ ಉದಾಹರಣೆ. ಸೆಂಡೈ ನಗರದಲ್ಲಿ ಕಾರು ಮಾರಾಟ ಪ್ರತಿನಿಧಿಯಾಗಿದ್ದ ಅವರಿಗೆ 39ನೇ ವಯಸ್ಸಿನಲ್ಲಿ ಅಲ್ಜೈಮರ್ ಇರುವುದು ಗೊತ್ತಾಯಿತು. ಕಂಪನಿ ಅವರನ್ನು ಬಿಡಿಸದೆ, ಗ್ರಾಹಕರ ಮುಖ ನೆನಪಿಡಬೇಕಾದ ಕೆಲಸದಿಂದ ಕಚೇರಿಯೊಳಗಿನ ಕೆಲಸಕ್ಕೆ ಬದಲಾಯಿಸಿತು. ಪ್ರತಿಯೊಂದು ಕೆಲಸವನ್ನು ಮಾಡುವ ಕ್ರಮವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅದನ್ನು ನೋಡುತ್ತಲೇ ಅವರು ದುಡಿದರು.

ನಿಮ್ಮ ಅಣ್ಣನವರ ವಿಷಯಕ್ಕೆ ಬಂದರೆ, ನೀವು ಬರೆದ ವಿವರಗಳಲ್ಲಿಯೇ ದಾರಿ ಕಾಣುತ್ತದೆ. ಹೊಸ ಸಂಗತಿಗಳು ಮನಸ್ಸಿನಲ್ಲಿ ನಿಲ್ಲುತ್ತಿಲ್ಲ, ಹಳೆಯ ತಿಳಿವಳಿಕೆ ಗಟ್ಟಿಯಾಗಿದೆ. ಈ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ಟಪಾಲು ವಿಭಾಗದಿಂದ ಅವರನ್ನು ಬಿಡಿಸಿ, ಹಳೆಯ ಕಡತಗಳ ಪರಿಶೀಲನೆ ಅಥವಾ ದಾಖಲೆ ಕೊಠಡಿಯ ಹೊಣೆ ಕೊಡಲಿ. ಒಂದು ಸಲಕ್ಕೆ ಒಂದೇ ಕೆಲಸ, ಗದ್ದಲವಿಲ್ಲದ ಮೂಲೆಯಲ್ಲಿ ಮೇಜು, ಬಾಯಿಮಾತಿನ ಬದಲು ಬರೆದ ಸೂಚನೆ, ಇ-ಆಫೀಸ್‌ನ ಹಂತಗಳನ್ನು ಚಿತ್ರಸಹಿತ ಮುದ್ರಿಸಿದ ಹಾಳೆ: ಇವುಗಳಿಗೆ ಖರ್ಚೇ ಇಲ್ಲ. ಹಣಕಾಸಿನ ಹೊಣೆಯಿದ್ದರೆ ಮಾತ್ರ ಅದನ್ನು ಕೂಡಲೇ ಬೇರೆಯವರಿಗೆ ವಹಿಸುವುದು ಅಣ್ಣನವರಿಗೂ ಕ್ಷೇಮ.

ವಕೀಲ, ಧಾರವಾಡ

ಮೊದಲನೆಯದಾಗಿ, ಸ್ವಯಂ ನಿವೃತ್ತಿಯ ಪತ್ರಕ್ಕೆ ಈಗ ಸಹಿ ಮಾಡಿಸಬೇಡಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 20(4)ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತೆಯೂ ಇಲ್ಲ. ಅದೇ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥದ್ದು ಇಲ್ಲದಿದ್ದರೆ, ಸೂಕ್ತ ಹುದ್ದೆ ದೊರೆಯುವವರೆಗೆ ಇಲ್ಲವೇ ನಿವೃತ್ತಿ ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಸೂಪರ್‌ನ್ಯೂಮರರಿ (ಮಂಜೂರಾದ ಸಂಖ್ಯೆಗಿಂತ ಹೆಚ್ಚುವರಿಯಾಗಿ ಸೃಷ್ಟಿಸಿದ) ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ತಾವಾಗಿಯೇ ಸೇವೆಯಿಂದ ಹೊರಬಂದವರು ಈ ರಕ್ಷಣೆಯನ್ನು ಕೇಳುವುದು ಬಹಳ ಕಷ್ಟ.

ಅಧಿನಿಯಮದ ಅನುಸೂಚಿಯಲ್ಲಿ ಡಿಮೆನ್ಷಿಯಾ ಎಂಬ ಪ್ರತ್ಯೇಕ ಹೆಸರಿಲ್ಲ. ಇದೊಂದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿನ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ನೆನಪು ಮತ್ತು ಸ್ಥಳ-ಕಾಲಗಳ ಅರಿವಿನ ಗಂಭೀರ ಏರುಪೇರು ಸೇರಿರುವುದರಿಂದ, ಆ ನೆಲೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಇಂಥ ಅಂಗವೈಕಲ್ಯದ ಪ್ರಮಾಣವನ್ನು ಅಳೆಯುವ 'ಐಡಿಯಾಸ್' ಮಾಪನದಲ್ಲಿ ಸ್ವಂತ ಆರೈಕೆ, ಜನರೊಡನೆ ಸಂಬಂಧ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳನ್ನು ನೋಡುತ್ತಾರೆ. ಆದ್ದರಿಂದ ಕಚೇರಿಯಲ್ಲಿನ ತೊಂದರೆಗಳನ್ನು ಬರೆದು ವೈದ್ಯರಿಗೆ ಕೊಡಿ. ಯುಡಿಐಡಿ ಕಾರ್ಡಿಗೂ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಿ.

ಎರಡು ತೀರ್ಪುಗಳನ್ನು ಗಮನಿಸಿ. ಕುನಾಲ್ ಸಿಂಗ್ ಪ್ರಕರಣದಲ್ಲಿ (2003), ಅಶಕ್ತತಾ ಪಿಂಚಣಿ (ದುಡಿಯಲಾಗದ ಸ್ಥಿತಿಯಲ್ಲಿ ಕೊಡುವ ಪಿಂಚಣಿ) ಸಿಗುತ್ತದೆಂಬ ಕಾರಣಕ್ಕೆ ನೌಕರಿಯ ರಕ್ಷಣೆಯನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟ್ ಹೇಳಿತು. ಅದು 1995ರ ಹಳೆಯ ಕಾಯ್ದೆಯಡಿ ಬಂದ ತೀರ್ಪು. ರವೀಂದರ್ ಕುಮಾರ್ ಧರಿವಾಲ್ ಪ್ರಕರಣದಲ್ಲಿ (2021), ಮಾನಸಿಕ ಅಸ್ವಸ್ಥತೆಯಿದ್ದ ಸಿಆರ್‌ಪಿಎಫ್ ಅಧಿಕಾರಿಗೂ 20(4)ರ ರಕ್ಷಣೆ ಸಲ್ಲುತ್ತದೆಂದು ಹೇಳಿತು. ಖಾಸಗಿ ನೌಕರರಿಗೆ ಇಷ್ಟು ಬಲವಾದ ರಕ್ಷಣೆ ಇಲ್ಲದಿರುವುದು ದುಃಖದ ಸಂಗತಿ.

ಕೇಂದ್ರ ಸರ್ಕಾರಿ ನೌಕರ, ಹುಬ್ಬಳ್ಳಿ

ನಿಮ್ಮ ಅತ್ತಿಗೆಯವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ ಇದು ಉಪಯೋಗವಾಗಬಹುದು: ಅಂಗವೈಕಲ್ಯವಿರುವ ಪತಿ ಅಥವಾ ಪತ್ನಿಯ ಮುಖ್ಯ ಆರೈಕೆದಾರರಾದ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡಲು 2018ರ ಅಕ್ಟೋಬರ್‌ನ ಸಿಬ್ಬಂದಿ ಇಲಾಖೆಯ ಜ್ಞಾಪನದಲ್ಲಿ ಅವಕಾಶವಿದೆ.

ಸುಮಂಗಲಾ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅತ್ತಿಗೆ ಗೃಹಿಣಿ. ಸ್ವಯಂ ನಿವೃತ್ತಿಯ ಪತ್ರವನ್ನು ಕೊಡುವುದಿಲ್ಲ. ಇನ್ನೊಂದು ಸಂದೇಹ: ಕಾಯಿಲೆಯ ಹೆಸರನ್ನು ಸಹೋದ್ಯೋಗಿಗಳೆಲ್ಲರಿಗೂ ಹೇಳಬೇಕೇ?

ಆಕ್ಯುಪೇಷನಲ್ ಥೆರಪಿಸ್ಟ್, ಮೈಸೂರು

ಅದನ್ನು ಅಣ್ಣನವರೇ ತೀರ್ಮಾನಿಸಬೇಕು, ಮನೆಯವರಲ್ಲ. ಕಚೇರಿಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸದೆ ಬದಲಾವಣೆಗಳನ್ನು ಕೇಳಲಾಗದು. ಅದಲ್ಲದೆ, ಪಕ್ಕದ ಮೇಜಿನ ನಂಬಿಕಸ್ಥರೊಬ್ಬರಿಗೆ ಹೇಳಿದರೆ ಸಣ್ಣಪುಟ್ಟ ತಪ್ಪುಗಳು ಅಲ್ಲಿಯೇ ಸರಿಯಾಗುತ್ತವೆ. ಕಾಯಿಲೆ ಮುಂದುವರಿಯುವಂಥದ್ದಾದ್ದರಿಂದ ಈಗ ಮಾಡಿಕೊಂಡ ಏರ್ಪಾಡು ಕೊನೆಯವರೆಗೂ ಸಾಲದು. ಮೂರು ತಿಂಗಳಿಗೊಮ್ಮೆ ಮರುಪರಿಶೀಲಿಸುವುದಾಗಿ ಅರ್ಜಿಯಲ್ಲಿಯೇ ಬರೆಯಿರಿ. ಯಾವ ಸ್ಥಿತಿಯಲ್ಲಿ ಕೆಲಸ ನಿಲ್ಲಿಸಬೇಕೆಂಬುದನ್ನೂ ಅಣ್ಣನವರು ತಾವೇ ವಿಚಾರ ಮಾಡಿ ಹೇಳಬಲ್ಲ ಈ ದಿನಗಳಲ್ಲಿಯೇ ಅವರನ್ನು ಕೇಳಿ, ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿ.