ಅಪ್‌ಡೇಟ್: ಇಳಕಲ್ಲಿನ ಚಿಗವ್ವನ ಗೃಹಲಕ್ಷ್ಮಿ ಹಣ ಪತ್ತೆಯಾಯಿತು

ಇಳಕಲ್ಲಿನಲ್ಲಿ ಸೀರೆ ನೇಯುವ ನಮ್ಮ ಚಿಗವ್ವನಿಗೆ ಅರ್ಜಿ ಮಂಜೂರಾಗಿದ್ದರೂ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಖಾತೆಗೆ ಬರುತ್ತಿಲ್ಲವೆಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಪಡಿತರ ಚೀಟಿಯ ಇ-ಕೆವೈಸಿ ಮಾಡಿಸಿ ಎಂದಿದ್ದಿರಿ. ಅದು ಮೊದಲೇ ಆಗಿತ್ತು. ಹೊಸ ಅರ್ಜಿ ಹಾಕುವ ಸಲಹೆಯೂ ನಡೆಯಲಿಲ್ಲ, ಏಕೆಂದರೆ ಹೆಸರು ಆಗಲೇ ನೋಂದಣಿಯಲ್ಲಿತ್ತು.

ಕೈಹಿಡಿದದ್ದು ‘ಡಿಬಿಟಿ ಕರ್ನಾಟಕ’ ಆ್ಯಪ್ (ಸರ್ಕಾರಿ ಹಣ ಯಾವ ಬ್ಯಾಂಕಿಗೆ ಜಮೆಯಾಗಿದೆಯೆಂದು ತೋರಿಸುವಂಥದ್ದು) ನೋಡಲು ಹೇಳಿದವರ ಮಾತು, ಅವರಿಗೆ ಶರಣು. ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟು ನೋಡಿದರೆ, ಕಂತುಗಳು ಜಮೆಯಾಗಿರುವುದಾಗಿಯೇ ತೋರಿಸಿತು, ಆದರೆ ಬ್ಯಾಂಕು ಮಾತ್ರ ಬೇರೆ. ಅದು ಚಿಗವ್ವ ಹಿಂದೊಮ್ಮೆ ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದು ಮರೆತಿದ್ದ ಖಾತೆ. ಟ್ರಂಕಿನ ತಳದಲ್ಲಿ ಸಿಕ್ಕ ಆ ಪಾಸ್‌ಬುಕ್ಕಿಗೆ ಎಂಟ್ರಿ ಮಾಡಿಸಿದಾಗ, ಒಂದರ ಕೆಳಗೊಂದು 2,000 ಅಚ್ಚಾಗುತ್ತ ಹೋಯಿತು.

ನನಗೆ ಹೊಸದಾಗಿ ತಿಳಿದದ್ದೆಂದರೆ, ಒಬ್ಬರ ಆಧಾರ್ ಹಲವು ಖಾತೆಗಳಿಗೆ ಜೋಡಣೆಯಾಗಿರಬಹುದಾದರೂ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ) ಮ್ಯಾಪಿಂಗ್, ಅಂದರೆ ಆ ಆಧಾರಿನ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ದಾಖಲೆ, ಇರುವುದು ಒಂದೇ ಬ್ಯಾಂಕಿಗೆ, ಮತ್ತು ಆಧಾರ್ ಆಧರಿಸಿ ಕಳುಹಿಸುವ ಸರ್ಕಾರಿ ಹಣ ಹೋಗುವುದು ಅಲ್ಲಿಗೇ. ದಿನಬಳಕೆಯ ಖಾತೆಗೆ ಬರಬೇಕೆಂದರೆ ಆ ಖಾತೆಯಿರುವ ಶಾಖೆಯಲ್ಲಿ ಆಧಾರ್ ಸೀಡಿಂಗ್ (ಸರ್ಕಾರಿ ಹಣ ಈ ಖಾತೆಗೇ ಬರಲೆಂದು ಆಧಾರ್ ಜೋಡಿಸುವುದು) ಒಪ್ಪಿಗೆಯ ಫಾರ್ಮ್ ತುಂಬಿಕೊಡಬೇಕು. ಚಿಗವ್ವ ಮಾತ್ರ ಬದಲಿಸುವುದೇ ಬೇಡವೆನ್ನುತ್ತಾಳೆ. ಮನೆಯವರ ಕಣ್ಣಿಗೆ ಬೀಳದ ಖಾತೆಯೊಂದು ಇರಲಿ ಎಂಬುದು ಅವಳ ಲೆಕ್ಕ.