ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ತಂಡದ ಪ್ರೀ-ಸೀಸನ್ ತರಬೇತಿ ನೋಡಲು ಹೋದವರು ಇದ್ದೀರಾ? ಅನುಭವ ಹೇಳಿ

ಟಾರ್ನೀಟ್‌ನಿಂದ ಒಬ್ಬ ಅಮ್ಮ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾವು ಮೆಲ್ಬರ್ನ್‌ಗೆ ಬಂದು ಕೆಲವು ವರ್ಷ ಆಯಿತು. ಮನೆಯಲ್ಲಿ ನಾವಿಬ್ಬರೂ ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವರಲ್ಲ. ಮಗನಿಗೆ ಒಂಬತ್ತು ವರ್ಷ. ಮಕ್ಕಳಿಗೆ ಫುಟಿ ಕಲಿಸುವ ಆಸ್‌ಕಿಕ್‌ಗೆ ಸೇರಿಸಿದ ಮೇಲೆ ಅವನಿಗೆ ಫುಟಿ ಹುಚ್ಚು ಹಿಡಿದಿದೆ. ವೆಸ್ಟರ್ನ್ ಬುಲ್‌ಡಾಗ್ಸ್ ತಂಡ ಅಂದರೆ ಪ್ರಾಣ. ಪಂದ್ಯಗಳು ಶುರುವಾಗುವುದು ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಕಾಯಲು ಅವನಿಂದ ಆಗುತ್ತಿಲ್ಲ. ಜನವರಿ ರಜೆಯಲ್ಲಿ ತಂಡದ ತರಬೇತಿ ತೋರಿಸು ಅಂತ ಒಂದೇ ಹಟ. ಸುಮ್ನೆ ಹೋಗಿ ನಿಂತುಕೊಳ್ಳಬಹುದಾ? ಟಿಕೆಟ್ ಬೇಕಾ? ಪಂದ್ಯವೇ ಇಲ್ಲದ ದಿನ ಬಿಸಿಲಲ್ಲಿ ಎರಡು ಗಂಟೆ ನಿಂತು ನೋಡುವಂಥದ್ದು ಏನಿರುತ್ತೆ ಅಂತ ನಮ್ಮ ಯಜಮಾನರು ಕೇಳುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸೇಂಟ್ ಆಲ್ಬನ್ಸ್‌ನ ಬುಲ್‌ಡಾಗ್ಸ್ ಅಭಿಮಾನಿ

ಮೇಡಂ, ಖಂಡಿತ ಕರೆದುಕೊಂಡು ಹೋಗಿ. ಮಾಮೂಲಿ ತರಬೇತಿಗೆ ಜನರನ್ನು ಬಿಡುವ ದಿನ ಟಿಕೆಟ್ ಏನೂ ಇಲ್ಲ, ಬೇಲಿಗೆ ಒರಗಿ ನಿಂತರೆ ಆಯಿತು. ಆದರೆ ಎಲ್ಲ ದಿನವೂ ಬಿಡುವುದಿಲ್ಲ. ಹಿಂದಿನ ಸಂಜೆ ಕ್ಲಬ್‌ನ ಆ್ಯಪ್ ನೋಡಿ. ಬೆಳಿಗ್ಗೆ ಮನೆ ಬಿಡುವ ಮೊದಲು ಇನ್ನೊಮ್ಮೆ ನೋಡಿ. ಸೆಖೆ ಜಾಸ್ತಿ ಅಂತ ಗೊತ್ತಾದರೆ ಹೊತ್ತು ಬದಲಾಗುತ್ತೆ, ಕೆಲವೊಮ್ಮೆ ಜಾಗವೇ ಬದಲಾಗುತ್ತೆ.

ಬುಲ್‌ಡಾಗ್ಸ್ ಇರುವುದು ಫುಟ್ಸ್‌ಕ್ರೇಯ ವಿಟ್ಟನ್ ಓವಲ್‌ನಲ್ಲಿ. ನಿಮಗೆ ಟಾರ್ನೀಟ್‌ನಿಂದ ಫುಟ್ಸ್‌ಕ್ರೇವರೆಗೆ ಒಂದು ರೈಲು, ಅಲ್ಲಿ ಸನ್‌ಬರಿ ಲೈನ್ ಹಿಡಿದರೆ ವೆಸ್ಟ್ ಫುಟ್ಸ್‌ಕ್ರೇ. ಸ್ಟೇಷನ್‌ನಿಂದ ನಡೆದುಕೊಂಡೇ ಹೋಗಬಹುದು. ಕಾರು ತರುವ ತಲೆನೋವು ಬೇಡ.

ಯಾವಾಗ ಹೋಗಬೇಕು ಅನ್ನುವುದು ಮುಖ್ಯ. ನವೆಂಬರ್‌ನಲ್ಲಿ ಮೊದಲು ವಾಪಸ್ ಬರುವುದು ತಂಡ ಸೇರಿ ನಾಲ್ಕು ವರ್ಷ ದಾಟದ ಎಳೆ ಹುಡುಗರು. ಹಿರಿಯರು ಆಮೇಲೆ ಬರುತ್ತಾರೆ. ಅದೇ ತಿಂಗಳ ಎರಡನೇ ಅರ್ಧದಲ್ಲಿ ಡ್ರಾಫ್ಟ್, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು. ಅಲ್ಲಿ ಆಯ್ಕೆಯಾದ ಹದಿನೆಂಟರ ಹುಡುಗರು ಡಿಸೆಂಬರ್ ಹೊತ್ತಿಗೆ ಮುಖ ತೋರಿಸುತ್ತಾರೆ. ಆಗೆಲ್ಲ ಬರೀ ಓಟ. ಎರಡು ಕಿಲೋಮೀಟರ್ ಟೈಮ್ ಟ್ರಯಲ್ ಅಂತ ಒಂದು ಇದೆ. ಚುರುಕಿನವರು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ, ಎತ್ತರದ ರಕ್‌ಮನ್‌ಗಳು (ಮೇಲೆ ಹಾರಿದ ಚೆಂಡಿಗೆ ಎಗರಿ ತಟ್ಟುವವರು) ಹಿಂದೆ ಏದುಸಿರು ಬಿಡುತ್ತಾ ಬರುತ್ತಾರೆ. ದೊಡ್ಡವರಿಗೆ ಅದೇ ಮಜಾ, ಮಕ್ಕಳಿಗೆ ಬೇಜಾರು. ಕ್ರಿಸ್‌ಮಸ್ ರಜೆ ಮುಗಿದು ಜನವರಿ ಮಧ್ಯಕ್ಕೆ ಬಂದರೆ ಚೆಂಡಿನ ಕೆಲಸ ಜಾಸ್ತಿ. ತಿಂಗಳ ಕೊನೆಗೆ ಮ್ಯಾಚ್ ಸಿಮ್ಯುಲೇಷನ್ ಶುರು, ಅಂದರೆ ತಂಡದವರೇ ಎರಡು ಪಾಲಾಗಿ ಆಡುವುದು. ನೀವು ಹೋಗಬೇಕಾದ್ದು ಆಗ.

ಇನ್ನು ಯಜಮಾನರ ಪ್ರಶ್ನೆ. ನನ್ನ ಪ್ರಕಾರ ಅಲ್ಲಿ ಮೊದಲು ನೋಡಬೇಕಾದ್ದು ಯಾರು ಇಲ್ಲ ಅನ್ನುವುದನ್ನು. ಮಧ್ಯದಲ್ಲಿ ದೊಡ್ಡ ಗುಂಪು ಓಡಾಡುತ್ತಿರುತ್ತೆ. ಅದನ್ನು ಬಿಟ್ಟು ಆಚೆ ಬೌಂಡರಿ ಕಡೆ ಕಣ್ಣು ಹಾಯಿಸಿ. ಇಬ್ಬರೋ ಮೂವರೋ ಫಿಸಿಯೊ ಜೊತೆ ನೇರ ಗೆರೆಯಲ್ಲಿ ಓಡುತ್ತಿರುತ್ತಾರೆ. ಅದು ಗಾಯದಿಂದ ಎದ್ದು ಬರುತ್ತಿರುವವರ ಗುಂಪು. ನೇರ ಓಡುವುದರಿಂದ ತಿರುವು ತೆಗೆದುಕೊಂಡು ಓಡುವುದಕ್ಕೆ ಬಂದರೆ ಒಂದು ಮೆಟ್ಟಿಲು ಮೇಲೆ. ಮೈಗೆ ಮೈ ತಾಗಿಸಿ ಆಡಲು ಬಿಟ್ಟರೆ ಇನ್ನೊಂದು ಮೆಟ್ಟಿಲು. ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟುನಾರು ಹರಿದುಕೊಂಡವನಿಗೆ ಇದಕ್ಕೆಲ್ಲ ಸುಮಾರು ಒಂದು ವರ್ಷ ಹಿಡಿಯುತ್ತೆ. ಹೋದ ವಾರ ಒಬ್ಬನೇ ಓಡುತ್ತಿದ್ದವನು ಈ ವಾರ ಗುಂಪಿನ ಒಳಗೆ ಬಂದ ಅಂದರೆ ಬೇಲಿ ಪಕ್ಕದ ಹಳೆ ಅಭಿಮಾನಿಗಳ ಮುಖ ನೋಡಬೇಕು! ಚೀಟಿ ಪುಸ್ತಕ ಹಿಡಿದು ಬರೆದುಕೊಳ್ಳುವವರೂ ಇದ್ದಾರೆ. ಅವರ ಪಕ್ಕದಲ್ಲಿ ನಿಲ್ಲಿ. ಕೇಳದೆಯೇ ಎಲ್ಲ ಹೇಳುತ್ತಾರೆ.

ಮಗನಿಗೆ ಇನ್ನೊಂದು ಹೇಳಿಕೊಡಿ. ಒಬ್ಬ ಆಟಗಾರ ಚೆಂಡು ಒದೆಯುವಾಗ ಕಾಲು ನೋಡಬೇಡ, ಕೈ ನೋಡು ಅಂತ. ಚೆಂಡನ್ನು ಎಸೆಯುವುದಿಲ್ಲ, ಎತ್ತುವುದೂ ಇಲ್ಲ. ಒದೆಯುವ ಕಾಲಿನ ಕಡೆಯ ಕೈಯಿಂದ ತೊಡೆಯ ಮುಂದಕ್ಕೆ ತಂದು ಹಾಗೇ ಕೆಳಗೆ ಬಿಡುತ್ತಾರೆ. ಅದು ಓಲಾಡದೆ ನೆಟ್ಟಗೆ ಇಳಿದರೆ ಒದ್ದ ಮೇಲೆ ಹಿಂದಕ್ಕೆ ತಿರುಗುತ್ತಾ ಸೀದಾ ಹೋಗುತ್ತೆ. ಬಿಡುವಾಗ ಸ್ವಲ್ಪ ಸೊಟ್ಟ ಆದರೂ ಚೆಂಡು ಎಲ್ಲೆಲ್ಲೋ. ಟಿವಿಯಲ್ಲಿ ಇದು ಕಾಣಲ್ಲ. ಬೇಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಇದನ್ನೇ ಮತ್ತೆ ಮತ್ತೆ ಮಾಡುವಾಗ ಚೆನ್ನಾಗಿ ಕಾಣುತ್ತೆ. ವಿಟ್ಟನ್ ಓವಲ್ ಗಾಳಿಗೆ ಹಿಂದಿನಿಂದಲೂ ಹೆಸರುವಾಸಿ. ಗಾಳಿ ಜೋರಿದ್ದ ದಿನ ಎಂಥೆಂಥವರ ಕಿಕ್ಕೂ ದಾರಿ ತಪ್ಪುತ್ತೆ. ಅದನ್ನು ನೋಡಿದರೆ ಆಸ್‌ಕಿಕ್ ಹುಡುಗನಿಗೆ ಸಮಾಧಾನ!

ಪಾಯಿಂಟ್ ಕುಕ್‌ನಿಂದ, ಇಬ್ಬರು ಮಕ್ಕಳ ತಾಯಿ

ಅಕ್ಕ, ಮೇಲಿನವರು ಆಟದ ವಿಷಯ ಹೇಳಿದರು. ನಾನು ಮಕ್ಕಳ ವಿಷಯ ಹೇಳುತ್ತೇನೆ.

ಬಿಸಿಲು ಸುಲಭ ಅಂದುಕೊಳ್ಳಬೇಡಿ. ಇಲ್ಲಿ ಜನವರಿಯಲ್ಲಿ ಯುವಿ ಸೂಚ್ಯಂಕ (ಚರ್ಮ ಸುಡುವ ಕಿರಣಗಳ ಅಳತೆ) 11 ದಾಟುವ ದಿನಗಳಿವೆ. ನಮ್ಮೂರ ಬಿಸಿಲಿಗೆ ಒಗ್ಗಿದ ಮೈ ಅಂತ ಬಿಟ್ಟರೆ ಸಂಜೆಗೆ ಮಗುವಿನ ಕತ್ತು ಉರಿಯುತ್ತೆ. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ನೀರು. ನೊಣಗಳ ಕಾಟ ಬೇರೆ. ಒಂದು ತೆಳು ಜಾಕೆಟ್ಟೂ ಇರಲಿ. ಮೆಲ್ಬರ್ನ್ ನಿಮಗೆ ಗೊತ್ತಲ್ವಾ, ಗಾಳಿ ದಿಕ್ಕು ಬದಲಿಸಿದರೆ ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿ ಇಳಿಯುತ್ತೆ.

ಆಟೋಗ್ರಾಫ್ ತರಬೇತಿ ಮುಗಿದ ಮೇಲೆ. ಮಧ್ಯದಲ್ಲಿ ಕೂಗಿ ಕರೆಯಬಾರದು ಅಂತ ಮೊದಲೇ ಹೇಳಿಡಿ. ಜಂಪರ್ (ತಂಡದ ಆಟದ ಅಂಗಿ) ಮತ್ತು ಬಟ್ಟೆಯ ಮೇಲೆ ಬರೆಯುವ ಮಾರ್ಕರ್ ತಗೊಂಡು ಹೋಗಿ. ಬಾಲ್ ಪೆನ್ ಕೆಲಸಕ್ಕೆ ಬರಲ್ಲ. ಎಲ್ಲರೂ ಬಾಂಟೆಂಪೆಲ್ಲಿ ಹಿಂದೆ ಬೀಳುತ್ತಾರೆ. ಅವರು ನಾಯಕ, 4ನೇ ನಂಬರ್, ಸಹಜವೇ. ಆದರೆ ನಮ್ಮ ದೊಡ್ಡವಳು ಆಗಷ್ಟೇ ಡ್ರಾಫ್ಟ್ ಆಗಿ ಬಂದ ಹುಡುಗರ ಹತ್ತಿರ ಹೋಗುತ್ತಾಳೆ. ಅವರನ್ನು ಇನ್ನೂ ಯಾರೂ ಕೇಳಿರುವುದಿಲ್ಲ. ನಿಂತು ಮಾತಾಡುತ್ತಾರೆ, ನೀನು ಯಾವ ಪೊಸಿಷನ್ ಅಂತ ಅವರೇ ಕೇಳುತ್ತಾರೆ.

ಚಿಕ್ಕವನಿಗೆ ಇಷ್ಟವಾಗುವುದು ಬೆನ್ನ ಮೇಲಿನ ಗುಬುಟು. ಕತ್ತಿನ ಕೆಳಗೆ ಎರಡು ಭುಜದ ನಡುವೆ ಬಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಏನೋ ಉಬ್ಬಿಕೊಂಡಿರುತ್ತೆ. ಅದು ಜಿಪಿಎಸ್. ಎಷ್ಟು ದೂರ ಓಡಿದರು, ಎಷ್ಟು ವೇಗದಲ್ಲಿ ಓಡಿದರು, ಎಲ್ಲ ಅದರಲ್ಲಿ ದಾಖಲಾಗುತ್ತೆ. ಪಂದ್ಯದಲ್ಲಿ ಒಬ್ಬೊಬ್ಬರು 12-15 ಕಿಲೋಮೀಟರ್ ಓಡುತ್ತಾರಂತೆ ಅಂದಾಗ ನಮ್ಮವನು ನಂಬಲೇ ಇಲ್ಲ.

ಎರಡು ಗಂಟೆ ಪೂರ್ತಿ ನಿಲ್ಲಿಸಬೇಡಿ. ಮುಕ್ಕಾಲು ಗಂಟೆ ನೋಡಿ, ಹೊರಗೆ ಹುಲ್ಲಿನಲ್ಲಿ ಅವರವರ ಚೆಂಡು ಒದೆಯಲು ಬಿಡಿ, ಕೊನೆಗೆ ವಾಪಸ್ ಬನ್ನಿ. ಹಸಿವಾದರೆ ಮೈದಾನ ಇರುವ ಬಾರ್ಕ್ಲಿ ಸ್ಟ್ರೀಟ್‌ನಲ್ಲೇ ವೆಸ್ಟ್ ಫುಟ್ಸ್‌ಕ್ರೇ ಕಡೆ ನಡೆದರೆ ಸಾಲಾಗಿ ಇಂಡಿಯನ್ ಹೋಟೆಲ್‌ಗಳು. ಯಜಮಾನರನ್ನು ಹೊರಡಿಸಲು ಮಸಾಲೆ ದೋಸೆ ಆಸೆ ತೋರಿಸಿ.

ಕಾಲಿಂಗ್‌ವುಡ್ ತಂಡದ ಕಡೆಯವನು (ಬೈಯಬೇಡಿ)

ಒಂದೇ ಮಾತು. ನಮ್ಮವರ ತರಬೇತಿ ಒಲಿಂಪಿಕ್ ಪಾರ್ಕ್ ಓವಲ್‌ನಲ್ಲಿ, ಪಕ್ಕದಲ್ಲೇ ಮೆಲ್ಬರ್ನ್ ಪಾರ್ಕ್. ಜನವರಿಯಲ್ಲಿ ಅಲ್ಲಿ ಆಸ್ಟ್ರೇಲಿಯನ್ ಓಪನ್ ನಡೆಯುತ್ತೆ. ಆ ಎರಡು ವಾರ 70ನೇ ನಂಬರ್ ಟ್ರಾಮ್‌ನಲ್ಲಿ ಕಾಲಿಡಲು ಜಾಗ ಇರಲ್ಲ, ಪಾರ್ಕಿಂಗ್ ಕೇಳಲೇಬೇಡಿ. ಮಗನಿಗೆ ಬೇರೆ ತಂಡದ ತರಬೇತಿಯನ್ನೂ ತೋರಿಸುವ ಮನಸ್ಸಿದ್ದರೆ ಟೆನಿಸ್ ಮುಗಿದ ಮೇಲೆ ಬನ್ನಿ. ಬುಲ್‌ಡಾಗ್ಸ್ ಜಂಪರ್ ಹಾಕಿಸಿಕೊಂಡು ಬಂದರೂ ಏನೂ ಮಾಡಲ್ಲ. ನಮ್ಮ ಮುದುಕರು ಸ್ವಲ್ಪ ರೇಗಿಸಬಹುದು, ಅಷ್ಟೇ.

ಜಿಲಾಂಗ್ ಅಭಿಮಾನಿ, ವಿಂಡಮ್ ವೇಲ್

ಟಾರ್ನೀಟ್‌ನವರು ಬುಲ್‌ಡಾಗ್ಸ್ ಯಾಕೆ? ನಿಮ್ಮ ಸ್ಟೇಷನ್‌ನಲ್ಲೇ ಜಿಲಾಂಗ್ ರೈಲು ನಿಲ್ಲುತ್ತಲ್ಲ! 2015ರಲ್ಲಿ ಹೊಸ ಹಳಿ ಬಂದಾಗಿನಿಂದ ನಮ್ಮ ಕಡೆಯವರಿಗೆ ಸೌತ್ ಜಿಲಾಂಗ್ ಒಂದೇ ರೈಲಿನ ದೂರ. ಇಳಿದು ಸ್ವಲ್ಪ ನಡೆದರೆ ಕಾರ್ಡಿನಿಯಾ ಪಾರ್ಕ್. ಊರು ಚಿಕ್ಕದು, ಜನ ಪರಿಚಯದವರ ಹಾಗೆ ಮಾತಾಡಿಸುತ್ತಾರೆ.

ತಮಾಷೆ ಬಿಡಿ. ಯಜಮಾನರು ಕ್ರಿಕೆಟ್ ಅಭಿಮಾನಿ ಅಂದಿರಿ. ಅವರಿಗೆ ಇದು ಹೇಳಿ. ಈ ಆಟ ಹುಟ್ಟಿದ್ದೇ ಕ್ರಿಕೆಟಿಗರ ಪ್ರೀ-ಸೀಸನ್‌ಗೆ. 1858ರಲ್ಲಿ ಟಾಮ್ ವಿಲ್ಸ್ ಅಂತ ಹೆಸರಾಂತ ಕ್ರಿಕೆಟಿಗ ಪತ್ರಿಕೆಗೆ ಒಂದು ಕಾಗದ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರು ಮೈ ಬೆಳೆಸಿಕೊಂಡು ಕೂರುವ ಬದಲು ಫುಟ್‌ಬಾಲ್ ಕ್ಲಬ್ ಕಟ್ಟಿ ಆಡಲಿ ಅಂತ. ಮರುವರ್ಷ ನಿಯಮ ಬರೆದರು. ಈಗ ಆ ಆಟಕ್ಕೇ ನಾಲ್ಕು ತಿಂಗಳ ತಯಾರಿ.

ಬೆಂಗಳೂರಿನಿಂದ (ಓದಲು ಮೆಲ್ಬರ್ನ್‌ನಲ್ಲಿದ್ದವನು)

ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತರಬೇತಿ ಅಂದರೆ ಇಲ್ಲಿ ರಾತ್ರಿ ಮೂರೂವರೆ. ಎದ್ದು ಕಾಫಿ ಕುಡಿಯುವ ಹೊತ್ತಿಗೆ ಯಾರೋ ಪುಣ್ಯಾತ್ಮರು ವರದಿ ಬರೆದು ಹಾಕಿರುತ್ತಾರೆ. ಯಾರು ಯಾವ ಗುಂಪಿನಲ್ಲಿದ್ದರು, ಯಾರು ಬೇಗ ಒಳಗೆ ಹೋದರು, ಯಾರ ಹ್ಯಾಮ್‌ಸ್ಟ್ರಿಂಗ್‌ಗೆ ಪಟ್ಟಿ ಸುತ್ತಿತ್ತು. ಮೇಡಂ, ನಿಮ್ಮ ಮಗನಿಗೂ ಹೀಗೆ ಬರೆಯುವ ಕೆಲಸ ಕೊಡಿ. ದೂರದಲ್ಲಿರುವ ನಮ್ಮಂಥವರು ಓದುತ್ತೇವೆ.

ನಾನು ಇದನ್ನು ಹಿಂಬಾಲಿಸುವುದು ಅರ್ಧ ಪ್ರೀತಿಗೆ, ಅರ್ಧ ಫ್ಯಾಂಟಸಿ ಲೀಗ್‌ಗೆ. ಫ್ಯಾಂಟಸಿಯಲ್ಲಿ ಹೊಸ ಹುಡುಗರು ಅಗ್ಗಕ್ಕೆ ಸಿಗುತ್ತಾರೆ. ಅವರಲ್ಲಿ ಯಾರು ಮೊದಲ ಪಂದ್ಯಕ್ಕೇ ಇಳಿಯುತ್ತಾರೆ ಅನ್ನುವುದು ಫೆಬ್ರವರಿಯ ಅಭ್ಯಾಸ ಪಂದ್ಯಗಳಲ್ಲಿ ಗೊತ್ತಾಗುತ್ತೆ. ಡಿಫೆನ್ಸ್‌ನವನನ್ನು ಮಧ್ಯದಲ್ಲಿ ನಿಲ್ಲಿಸಿ ನೋಡುತ್ತಿದ್ದಾರಾ ಅನ್ನುವುದೂ ಗಮನಿಸಬೇಕಾದ್ದೇ.

ಆದರೆ ಒಂದು ಎಚ್ಚರಿಕೆ. ಪ್ರತಿ ಜನವರಿಯಲ್ಲಿ ಪ್ರತಿ ಕ್ಲಬ್‌ನಲ್ಲೂ ಯಾರೋ ಒಬ್ಬ ‘ಹಿಂದೆಂದೂ ಇಲ್ಲದಷ್ಟು ಫಿಟ್’. ಇನ್ನೊಬ್ಬ ಐದು ಕಿಲೋ ಸ್ನಾಯು ಬೆಳೆಸಿಕೊಂಡು ಬಂದಿದ್ದಾನೆ. ಮತ್ತೊಬ್ಬ ಐದು ಕಿಲೋ ಇಳಿಸಿದ್ದಾನೆ, ಅದೂ ಒಳ್ಳೇದೇ! ಕೋಚ್ ಸಂದರ್ಶನದಲ್ಲಿ ಎಲ್ಲರೂ ಹಾರುತ್ತಿದ್ದಾರೆ. ಹದಿನೆಂಟು ತಂಡಗಳೂ ಆ ತಿಂಗಳು ‘ಈ ಸಲ ಕಪ್ ನಮ್ದೇ’ ಮನಸ್ಸಿನಲ್ಲಿರುತ್ತವೆ. ಆರ್‌ಸಿಬಿ ಅಭಿಮಾನಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಸೇಂಟ್ ಆಲ್ಬನ್ಸ್‌ನ ಬುಲ್‌ಡಾಗ್ಸ್ ಅಭಿಮಾನಿ

ಬೆಂಗಳೂರಿನವರ ಮಾತಿಗೆ ನನ್ನದೂ ಒಂದು ಸೇರಿಸಿ. ಪ್ರೀ-ಸೀಸನ್‌ನಲ್ಲಿ ಯಾರ ಮೈ ಹೇಗಿದೆ ಅಂತ ತಿಳಿಯುತ್ತೆ. ತಂಡ ಗೆಲ್ಲುತ್ತಾ ಅನ್ನುವುದು ತಿಳಿಯಲ್ಲ. 2016ರಲ್ಲಿ ನಾವು ಏಳನೇ ಸ್ಥಾನದಿಂದ ಬಂದು ಕಪ್ ಗೆದ್ದೆವು, 1954ರ ನಂತರ ಮೊದಲ ಸಲ. ಆ ವರ್ಷದ ಜನವರಿಯಲ್ಲಿ ಬೇಲಿ ಪಕ್ಕ ನಿಂತು ಇದನ್ನು ಯಾರಾದರೂ ಹೇಳಿದ್ದರೆ ನಗುತ್ತಿದ್ದೆವು. ನಾಯಕ ಬಾಬ್ ಮರ್ಫಿ ಬೇಸಿಗೆಯೆಲ್ಲ ತಯಾರಿ ಮಾಡಿ ಮೂರನೇ ಸುತ್ತಿನಲ್ಲೇ ಮಂಡಿ ಗಾಯವಾಗಿ ಆ ಸೀಸನ್ ಕಳೆದುಕೊಂಡರು. ಗೆದ್ದ ದಿನ ಕೋಚ್ ಲೂಕ್ ಬೆವೆರಿಡ್ಜ್ ವೇದಿಕೆಗೆ ಅವರನ್ನು ಕರೆದು ತಮ್ಮ ಪದಕವನ್ನೇ ಕೊರಳಿಗೆ ಹಾಕಿದರು. ಮುಂದಿನ ಬೇಸಿಗೆ ಚಾಂಪಿಯನ್ನರ ತರಬೇತಿ ಅಂತ ಜನವೋ ಜನ. ಆ ವರ್ಷ ನಾವು ಹತ್ತನೇ ಸ್ಥಾನ, ಫೈನಲ್ಸ್‌ಗೂ (ಕೊನೆಯ ನಾಕೌಟ್ ಹಂತಕ್ಕೂ) ಬರಲಿಲ್ಲ.

ಇನ್ನೊಂದು ಹೇಳುವುದು ಬಿಟ್ಟಿದ್ದೆ. ತಂಡದ ಪಟ್ಟಿಯಲ್ಲಿ ಜಾಗ ಖಾಲಿ ಇದ್ದರೆ ಒಪ್ಪಂದ ಇಲ್ಲದ ಕೆಲವರನ್ನು ತರಬೇತಿಗೆ ಕರೆಸಿ ನೋಡುತ್ತಾರೆ. ಬೇರೆ ಕ್ಲಬ್ ಕೈಬಿಟ್ಟವರು ಇರುತ್ತಾರೆ, ಸ್ಥಳೀಯ ಲೀಗ್‌ನವರೂ ಇರುತ್ತಾರೆ. ಸೀಸನ್‌ಗೆ ಮುಂಚೆ ಸಹಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮನೆಗೆ. ಒಂದೊಂದು ಚೆಂಡಿಗೂ ಅವರು ಬೀಳುವ ರೀತಿಯೇ ಬೇರೆ. ನಾನಂತೂ ಸ್ಟಾರ್‌ಗಳನ್ನು ಬಿಟ್ಟು ಅವರನ್ನೇ ನೋಡುತ್ತೇನೆ.

ಪರ್ತ್‌ನಿಂದ

ನಮ್ಮ ಫ್ರೀಮ್ಯಾಂಟಲ್ ತಂಡದ್ದು ಕಾಕ್‌ಬರ್ನ್‌ನಲ್ಲಿ. ಸಾರ್ವಜನಿಕ ಈಜುಕೊಳ ಅದೇ ಕಟ್ಟಡದಲ್ಲಿದೆ. ಬೆಳಿಗ್ಗೆ ಬೇಗ ತರಬೇತಿ ನೋಡಿ, ಬಿಸಿಲೇರಿದ ಮೇಲೆ ಮಕ್ಕಳನ್ನು ನೀರಿಗೆ ಬಿಟ್ಟರೆ ದಿನ ಕಳೆಯಿತು. ಈ ಕಡೆ ಬಂದಾಗ ನೆನಪಿರಲಿ.

ಟಾರ್ನೀಟ್‌ನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಾಮ್ ವಿಲ್ಸ್ ಕತೆ ಕೇಳಿ ನಮ್ಮ ಯಜಮಾನರು ಬರ್ತೀನಿ ಅಂದಿದ್ದಾರೆ. ದೋಸೆಯ ಪಾಲೂ ಇದೆ ಬಿಡಿ. ನಮ್ಮ ಮಾವನವರು ಊರಿನಿಂದ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಬರಬಹುದಾ? ಜಾಸ್ತಿ ಹೊತ್ತು ನಿಲ್ಲಲು ಆಗಲ್ಲ. ಮತ್ತೆ, ಫೋನಿನಲ್ಲಿ ವಿಡಿಯೊ ಮಾಡಿದರೆ ಯಾರಾದರೂ ಏನಾದರೂ ಅಂತಾರಾ?

ಪಾಯಿಂಟ್ ಕುಕ್‌ನಿಂದ, ಇಬ್ಬರು ಮಕ್ಕಳ ತಾಯಿ

ಧಾರಾಳವಾಗಿ ಕರೆತನ್ನಿ. ಮಡಚುವ ಕುರ್ಚಿ ಒಂದು ಇರಲಿ, ನೆರಳಿರುವ ಕಡೆ ಹಾಕಿಕೊಡಿ. ಗೋಲ್ ಕಂಬದ ಹಿಂದೆ ಮಾತ್ರ ಕೂರಿಸಬೇಡಿ, ಚೆಂಡು ಬರುವುದು ಗೊತ್ತೇ ಆಗಲ್ಲ. ಫೋಟೊ ತೆಗೆದರೆ ಯಾರೂ ಏನೂ ಅನ್ನಲ್ಲ. ವಿಡಿಯೊ ಬೇಡ ಅಂತ ಬೋರ್ಡ್ ಹಾಕಿದ್ದರೆ ಮಾಡಬೇಡಿ. ತಂತ್ರ ಹೊರಗೆ ಹೋಗುತ್ತೆ ಅಂತ ಕ್ಲಬ್‌ಗಳಿಗೆ ಭಯ. ಅನುಮಾನ ಇದ್ದರೆ ಬಾಗಿಲಲ್ಲಿ ನಿಂತವರನ್ನು ಕೇಳಿಬಿಡಿ. ಯಾವ ದಿನ ಹೋಗ್ತೀರಾ ಅಂತ ಇಲ್ಲೇ ಹಾಕಿ ಅಕ್ಕ, ನಾವೂ ಬರ್ತೀವಿ.