ಸ್ಕಾರ್ಫಿನ ಚಿತ್ತಾರ ಹಾಸಿ ನೋಡೋದಕ್ಕಲ್ಲ, ಕಟ್ಟಿ ನೋಡೋದಕ್ಕೆ: ಅತ್ತಿಗೆ ಕೇಳಿದ್ದಕ್ಕೆ ಉತ್ತರ

ಅತ್ತಿಗೆ, ನಿನ್ನೆ ರಾತ್ರಿ ನೀವು ಹಾಕಿದ ವಾಯ್ಸ್ ಪೂರ್ತಿ ಕೇಳಿದೆ, ಮೂರು ಫೋಟೊನೂ ದೊಡ್ಡದು ಮಾಡಿ ನೋಡಿದೆ. ಸಂಘದವರು ಜಾತ್ರೆ ಮಳಿಗೆಗೆ ಅಂತ ಸ್ಯಾಟಿನ್‌ನಲ್ಲಿ 40 ಸ್ಕಾರ್ಫ್ ಹೊಲಿದಿದ್ದಾರೆ, ಕಟ್ಟಿದ ಐದು ನಿಮಿಷಕ್ಕೆ ಹಿಂದಕ್ಕೆ ಜಾರ್ತದೆ. ಅಡಿಕೆ ಚೊಗರಲ್ಲಿ, ಅಂದ್ರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯೋ ಕೆಂಪು ರಸದಲ್ಲಿ, ಅದ್ದಿದ ಕಾಟನ್ ತುಂಡುಗಳು ಮಚ್ಚೆ ಮಚ್ಚೆ ಆಗಿದಾವೆ. ಡಿಸೈನ್ ಏನಾದರೂ ಹೊಸದು ಬೇಕು. ಇಷ್ಟು ನೀವು ಕೇಳಿದ್ದು. ಕೆಳಗೆ ಚಿಕ್ಕಮ್ಮ ಬರೆದಿದ್ದಾರೆ, ಕೀಮೋ ಆದವರಿಗೆ ಯಾವುದು ಹಿತ ಅಂತ. ಉತ್ತರ ಉದ್ದ ಆಗ್ತದೆ, ಅಡಿಗೆ ಮಾಡ್ತಾ ಕೇಳಿ.

ಮೊದಲು ಡಿಸೈನಿನ ವಿಷಯ, ಯಾಕೆಂದ್ರೆ ದೊಡ್ಡ ತಪ್ಪು ಅಲ್ಲೇ ಆಗಿದೆ. ನೀವು ಚೌಕದ ನಟ್ಟನಡುವೆ ದೊಡ್ಡ ಹೂ ಬಿಡಿಸಿದ್ದೀರಿ. ಟೇಬಲ್ ಮೇಲೆ ಹಾಸಿದಾಗ ಚಂದ. ಆದ್ರೆ ಚೌಕವನ್ನ ಮೂಲೆಗೆ ಮೂಲೆ ಮಡಚಿ ತ್ರಿಕೋನ ಮಾಡಿದಾಗ ಆ ಮಡಿಕೆ ಹೋಗೋದು ನಟ್ಟನಡುವೆಯೇ. ಆ ಮಡಿಕೆ ಕೂರೋದು ಹಣೆ ಮೇಲೆ. ಅಂದ್ರೆ ಹೂವಿನ ಅರ್ಧ ಮಾತ್ರ ಹಣೆ ಅಂಚಲ್ಲಿ ಕಾಣ್ತದೆ, ಉಳಿದರ್ಧ ಒಳಗೆ ಹೋಗ್ತದೆ. ನಡುನೆತ್ತಿ ಮಾತ್ರ ಬರೀ ಬಟ್ಟೆ.

ಅದಕ್ಕೆ ಒಂದು ಕೆಲಸ ಮಾಡಿ. ಹಳೇ ಬೆಡ್‌ಶೀಟಿನಲ್ಲಿ 36 ಇಂಚಿನ ಚೌಕ ಕತ್ತರಿಸಿ ಯಾರದಾದರೂ ತಲೆಗೆ ಸರಿಯಾಗಿ ಕಟ್ಟಿ. ಬಿಚ್ಚೋ ಮುಂಚೆ ಟೈಲರ್ ಚಾಕಿನಲ್ಲಿ ಗುರುತು ಹಾಕಿ: ಹಣೆ ಗೆರೆ ಎಲ್ಲಿ, ನಡುನೆತ್ತಿ ಎಲ್ಲಿ, ಕಿವಿ ಎಲ್ಲಿ, ಗಂಟು ಎಲ್ಲಿ ಬಿತ್ತು, ಬೆನ್ನ ಮೇಲೆ ಎಷ್ಟು ಇಳೀತು. ಈಗ ಬಿಚ್ಚಿ ಹಾಸಿ. ನಿಮ್ಮ ನಕ್ಷೆ ಅದೇ. 36 ಇಂಚಿನ ಚೌಕದ ಕರ್ಣ ಸುಮಾರು 51 ಇಂಚು, ಮಡಿಕೆಯಿಂದ ತುದಿಗೆ ಇಪ್ಪತ್ತೈದೂವರೆ. ಹಣೆಯಿಂದ ಕತ್ತಿನ ಕುಳಿವರೆಗೆ 13–14 ಇಂಚು ತಲೆ ಮೇಲೆ ಕೂರ್ತದೆ, ಉಳಿದ 11–12 ಇಂಚು ಹಿಂದೆ ಇಳೀತದೆ. ಹಾಗಾಗಿ ಮುಖ್ಯ ಚಿತ್ರದ ನಡು ಇರಬೇಕಾದದ್ದು ಮಡಿಕೆಯಿಂದ 6–7 ಇಂಚು ಹಿಂದಕ್ಕೆ, ಮಡಿಕೆಗೆ ಅಡ್ಡ ಬರೋ ಇನ್ನೊಂದು ಕರ್ಣದ ಮೇಲೆ. ಚಿತ್ರದ ತಲೆಯೂ ಬಟ್ಟೆಯ ಅಂಚಿಗೆ ನೇರ ಇರಬಾರದು, ಮೂಲೆ ಕಡೆ ತಿರುಗಿರಬೇಕು. ಎರಡು ಬದಿಯ ಬಾರ್ಡರ್ ಹಿಂದೆ ಇಳಿಬಿದ್ದ ತುದಿಯಲ್ಲಿ ಬಾಣದ ಮೊನೆ ಹಾಗೆ ಕಾಣ್ತದೆ, ಅಲ್ಲಿ ಕೆಲಸ ಮಾಡಿದ್ದು ವ್ಯರ್ಥ ಆಗಲ್ಲ.

ಇದರಿಂದಲೇ ಒಂದು ಒಳ್ಳೆ ಡಿಸೈನ್ ಸಿಗ್ತದೆ. ಹೇಗಿದ್ರೂ ಅರ್ಧ ಒಳಗೇ ಇರ್ತದಲ್ಲ, ಆ ಅರ್ಧಕ್ಕೆ ಬೇರೆ ಬಣ್ಣ ಕೊಡಿ. ಕರ್ಣದ ಈಚೆ ಚೊಗರಿನ ಕಂದು, ಆಚೆ ಬೂದು. ಇವತ್ತು ಈ ಮುಖ ಹೊರಗೆ, ನಾಳೆ ಆ ಮುಖ. ಒಂದೇ ಬೆಲೆಗೆ ಎರಡು ಸ್ಕಾರ್ಫ್ ಅಂತ ಹೇಳಿ ಮಾರಬಹುದು, ಅದು ಸುಳ್ಳಲ್ಲ. ಗಡಿ ಗೆರೆ ಚೂಪಾಗಿ ಬೇಕಿದ್ರೆ ಕರ್ಣದ ಉದ್ದಕ್ಕೂ ಮರದ ಎರಡು ನೇರ ರೀಪಿನ ನಡುವೆ ಬಟ್ಟೆ ಸಿಕ್ಕಿಸಿ ಬಿಗಿಯಾಗಿ ಕಟ್ಟಿ, ಆಮೇಲೆ ಕೆಳಗಿನ ಅರ್ಧ ಮಾತ್ರ ಬಣ್ಣಕ್ಕೆ ಇಳಿಸಿ. ರೀಪು ಇಲ್ದೆ ಇಳಿಸಿದ್ರೆ ಬಣ್ಣ ಮೇಲಕ್ಕೆ ಹೀರಿಕೊಂಡು ಹೋಗ್ತದೆ. ಮೆತ್ತಗೆ ಕರಗಿದ ಹಾಗೆ ಗಡಿ ಬೇಕಿದ್ರೆ ಮೊದಲು ಬಟ್ಟೆ ನೆನೆಸಿ ಹಿಂಡಿ, ಬಣ್ಣದಲ್ಲಿ ಇಟ್ಟಷ್ಟು ಹೊತ್ತೂ ಒಂದೆರಡು ಇಂಚು ಮೇಲೆ ಕೆಳಗೆ ಆಡಿಸ್ತಾ ಇರಿ. ನಿಲ್ಲಿಸಿದ್ರೆ ಅಲ್ಲೇ ಕರೆ ಗೆರೆ ಬೀಳ್ತದೆ.

ಅಳತೆ. ಸಾಮಾನ್ಯ ತಲೆ ಸುತ್ತಳತೆ 22 ಇಂಚು. 27 ಇಂಚಿನ ಚೌಕಕ್ಕೆ ಕರ್ಣ 38, ಗಂಟಿಗೆ ಒಂದೊಂದು ಕಡೆ 8 ಇಂಚು ಸಿಗ್ತದೆ, ಸಣ್ಣ ಗಂಟಿಗೆ ಸಾಕು. 24ಕ್ಕೆ ಇಳಿಸಬೇಡಿ, ತುರುಬು ಇದ್ದವರಿಗೆ ಗಂಟೇ ಬೀಳಲ್ಲ. ಮುಂದೆ ಹಣೆ ಮೇಲೆ ಗಂಟು ಹಾಕೋ ಸುತ್ತಿಗೆ 42 ಇಂಚಿನ ಚೌಕ ಬೇಕು, 44 ಇಂಚು ಪನ್ನದ (ಅಗಲದ) ಬಟ್ಟೆ ತಗೊಂಡ್ರೆ ಬರ್ತದೆ. ಕತ್ತರಿಸೋ ಮುಂಚೆ ಒಗೀರಿ. ಕಾಟನ್ ನೂರಕ್ಕೆ 3ರಿಂದ 5 ಇಂಚು ಕುಗ್ತದೆ, ಅದೂ ಉದ್ದಕ್ಕೆ ಹೆಚ್ಚು ಅಗಲಕ್ಕೆ ಕಡಿಮೆ. ಹೊಲಿದ ಮೇಲೆ ಕುಗ್ಗಿದ್ರೆ ಚೌಕ ಚೌಕವಾಗಿ ಉಳಿಯಲ್ಲ.

ಬಟ್ಟೆ ಉಳಿಸೋಕೆ ಅಂತ ತ್ರಿಕೋನವಾಗಿ ಕತ್ತರಿಸೋದು ನನಗೆ ಇಷ್ಟ ಇಲ್ಲ. ಉದ್ದದ ಅಂಚು ಪೂರ್ತಿ ಕ್ರಾಸ್, ಅಂದ್ರೆ ನೂಲಿಗೆ ಓರೆ ಆಗ್ತದೆ, ಮಿಷನ್ ಕೆಳಗೆ ಎಳೆದುಕೊಂಡು ಅಲೆ ಅಲೆ ಬರ್ತದೆ. ಪಿಕೋ ಮಾಡಿಸಿದ್ರಂತೂ ಫ್ರಿಲ್ ಇಟ್ಟ ಹಾಗೇ ಆಗ್ತದೆ. ಮಾಡಲೇಬೇಕು ಅಂದ್ರೆ ಆ ಅಂಚಿಗೆ ಬಟ್ಟೆಯ ನೇರ ಅಂಚಿನ ಅರ್ಧ ಇಂಚಿನ ಪಟ್ಟಿ ಇಟ್ಟು ಹೊಲೀರಿ. ಚೌಕಕ್ಕೆ ಪಿಕೋ ಪರವಾಗಿಲ್ಲ, ಆದ್ರೆ ಕಾಟನ್ ದಾರದಲ್ಲೇ ಮಾಡಿಸಿ; ಪಾಲಿಸ್ಟರ್ ದಾರ ಹಣೆಗೆ ಗೀರ್ತದೆ. ಕುಚ್ಚು ಕಟ್ಟೋರಿದ್ರೆ ಗಂಟಿಗೆ ಬರೋ ಎರಡು ಎದುರು ಮೂಲೆಗೆ ಮಾತ್ರ ಕಟ್ಟಿ. ಭಾರಕ್ಕೆ ಆ ತುದಿಗಳು ಕೆಳಗೆ ನಿಲ್ತಾವೆ. ನಾಲ್ಕೂ ಮೂಲೆಗೆ ಕಟ್ಟಿದ್ರೆ ಒಳಗೆ ಹೋದದ್ದು ಕತ್ತಿಗೆ ಚುಚ್ತದೆ.

ಈಗ ಆ 40 ಸ್ಯಾಟಿನ್. ಅದು ಜಾರೋದು ಹೊಲಿಗೆ ತಪ್ಪಿಂದ ಅಲ್ಲ, ನುಣುಪು ದಾರ ನುಣುಪು ಕೂದಲ ಮೇಲೆ ಹಿಡಿಯೋದೇ ಇಲ್ಲ, ಗಂಟೂ ಸಡಿಲಾಗ್ತದೆ. ಬಿಚ್ಚಿ ಹಾಕಬೇಡಿ. ಒಂದೂವರೆ ಇಂಚು ಅಗಲ, 14 ಇಂಚು ಉದ್ದದ ಕಾಟನ್ ವೆಲ್ವೆಟ್ ಪಟ್ಟಿ ತಗೊಂಡು ಮಡಿಕೆಯ ನಡುಭಾಗಕ್ಕೆ, ತಲೆಗೆ ತಾಗೋ ಕಡೆ ಹೊಲೀರಿ. ಪಟ್ಟಿಯನ್ನ ಹಣೆಯಿಂದ ಹಿಂದಕ್ಕೆ ಸವರಿದ್ರೆ ನುಣುಪಾಗಿ ಇರಬೇಕು, ಹಿಂದಿಂದ ಮುಂದಕ್ಕೆ ಸವರಿದ್ರೆ ಒರಟು. ಆಗ ಸ್ಕಾರ್ಫ್ ಹಿಂದಕ್ಕೆ ಜಾರೋಕೆ ಹೋದ್ರೆ ವೆಲ್ವೆಟ್ಟಿನ ರೋಮ ಕೂದಲಿಗೆ ಎದುರು ನಿಂತು ತಡೀತದೆ. ತಿರುಗಾಮುರುಗಾ ಹೊಲಿದ್ರೆ ಪಟ್ಟಿ ಇದ್ದೂ ಪ್ರಯೋಜನ ಇಲ್ಲ. ಒಂದು ಹತ್ತನ್ನ ಬೇರೆ ಇಡಿ, ಅದಕ್ಕೆ ಹಿಂದೆ ಎಲಾಸ್ಟಿಕ್ ಕೊಟ್ಟು ರಾತ್ರಿ ಮಲಗುವಾಗ ಹಾಕೋ ಟೋಪಿ ಮಾಡಿ. ಗುಂಗುರು ಕೂದಲಿನವರಿಗೆ ಸ್ಯಾಟಿನ್ ಒಳ್ಳೇದು, ದಿಂಬಿಗೆ ಉಜ್ಜಿ ಸಿಕ್ಕಾಗಲ್ಲ. ಮುಂದಿನ ಸಲಕ್ಕೆ ಮಲ್ ಬಟ್ಟೆ (ಮೆತ್ತನೆ ತೆಳು ಕಾಟನ್) ಅಥವಾ ತೆಳು ಕೈಮಗ್ಗದ ಕಾಟನ್ ತಗೊಳ್ಳಿ.

ಚೊಗರು. ಇದರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ಯಾಕೆಂದ್ರೆ ಇಡೀ ಮಲೆನಾಡಲ್ಲಿ ಇಷ್ಟು ಒಳ್ಳೆ ಬಣ್ಣ ಹಂಡೆ ತಳದಲ್ಲೇ ಸಿಗ್ತದೆ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಇದನ್ನ ಕೈಮಗ್ಗದ ಬಟ್ಟೆಗೆ ಬಳಸ್ತಾರೆ, ಅಂದ್ರೆ ಆಗದ ಕೆಲಸ ಅಲ್ಲ. ಮಚ್ಚೆ ಬೀಳೋಕೆ ನಾಲ್ಕು ಕಾರಣ ಇರಬಹುದು, ನಿಮ್ಮಲ್ಲಿ ಮೂರು ಕಾಣ್ತದೆ.

ಒಂದು, ಅಂಗಡಿ ಬಟ್ಟೆಯ ಗಂಜಿ ಹೋಗಿಲ್ಲ. ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಹೀರಿಕೊಳ್ಳದೆ ಮುತ್ತಿನ ಹಾಗೆ ನಿಂತ್ರೆ ಬಣ್ಣವೂ ಹಾಗೇ ನಿಲ್ತದೆ. ಕಿಲೋ ಬಟ್ಟೆಗೆ 25 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ. ಎರಡು, ಪಾತ್ರೆ ಇಕ್ಕಟ್ಟು. 36 ಇಂಚಿನ ಮಲ್ ಸ್ಕಾರ್ಫ್ ಸುಮಾರು 55 ಗ್ರಾಂ ತೂಗ್ತದೆ, 12 ಹಾಕಿದ್ರೆ 660 ಗ್ರಾಂ, ಅದಕ್ಕೆ ಕನಿಷ್ಠ 18 ಲೀಟರ್ ನೀರು ಬೇಕು. ಫೋಟೊದಲ್ಲಿರೋದು ಹತ್ತು ಲೀಟರಿನ ಪಾತ್ರೆ. ಮೂರು, ಬಿಸಿಲಲ್ಲಿ ತಂತಿ ಮೇಲೆ ಒಣಗಿಸಿದ್ದು. ಮೊದಲು ಒಣಗೋ ಮಡಿಕೆಗೆ ಬಣ್ಣ ಹರಿದು ಹೋಗಿ ಅಲ್ಲಿ ಗಾಢ ಆಗ್ತದೆ. ನೆರಳಲ್ಲಿ ಹರವಿ ಒಣಗಿಸಿ. ನಾಲ್ಕನೇದು ಬಾವಿ ನೀರಿನ ಕಬ್ಬಿಣ, ಅದು ನಿಮ್ಮಲ್ಲಿ ಇದೆಯೋ ನೋಡ್ಕೊಳ್ಳಿ. ಒಂದು ಲೋಟ ನೀರಿಗೆ ಒಂದು ಚಮಚ ಚೊಗರು ಹಾಕಿ, ಕಪ್ಪಗೆ ತಿರುಗಿದ್ರೆ ಕಬ್ಬಿಣ ಇದೆ. ಮಳೆ ನೀರು ಹಿಡಿದು ಬಳಸಿ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗೋದು ಕೂಡ ಇದೇ ಕಾರಣಕ್ಕೆ. ಹಾಗಾಗಿ ಕಬ್ಬಿಣದ ಬಾಣಲೆ ಬೇಡ, ಸ್ಟೀಲ್ ಪಾತ್ರೆ ತಗೊಳ್ಳಿ.

ಕ್ರಮ ಹೀಗೆ. ಚೊಗರನ್ನ ಬಟ್ಟೆಯಲ್ಲಿ ಸೋಸಿ. ಒಬ್ಬೊಬ್ಬರ ಚೊಗರು ಒಂದೊಂದು ದಪ್ಪ, ಅದಕ್ಕೆ ಮೊದಲು ಒಂದು ತುಂಡು ಅದ್ದಿ ನೋಡಿ ನೀರು ಸೇರಿಸಿ. ಒದ್ದೆ ಬಟ್ಟೆಯನ್ನೇ ಇಳಿಸಿ, ಕೊತಕೊತ ಕುದಿಸದೆ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಇಡಿ, ಮಗುಚ್ತಾ ಇರಿ. ರಾತ್ರಿ ಅದರಲ್ಲೇ ಆರಲಿ. ಬೆಳಿಗ್ಗೆ ಹಿಂಡಿ ಒಣಗಿಸಿ, ಆಮೇಲೆ ಪಟಿಕದ ನೀರು: ಕಿಲೋ ಬಟ್ಟೆಗೆ 150 ಗ್ರಾಂ, ಬಿಸಿನೀರಲ್ಲಿ ಕರಗಿಸಿ ಉಗುರುಬೆಚ್ಚಗಾದ ಮೇಲೆ ಮೂರು ಗಂಟೆ ನೆನೆಸಿ. ಕಾಟನ್ ಬರೀ ಪಟಿಕ ಹಿಡಿಯಲ್ಲ, ಚೊಗರು ಕೂತ ಮೇಲೆ ಹಿಡೀತದೆ, ಅದಕ್ಕೇ ಈ ಕ್ರಮ. ಮತ್ತೊಂದು ಸಲ ಚೊಗರಿಗೆ ಇಳಿಸಿದ್ರೆ ಬಣ್ಣ ಗಟ್ಟಿ. ಕೆಂಪು ಹೆಚ್ಚು ಬೇಕಿದ್ರೆ ಸುಣ್ಣದ ತಿಳಿನೀರಲ್ಲಿ ಐದು ನಿಮಿಷ ಆಡಿಸಿ ಜಾಲಿಸಿ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗ್ತದಲ್ಲ, ಹಾಗೆ. ಬೂದು ಬೇಕಿದ್ರೆ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಉಪ್ಪು), ಕಿಲೋಗೆ 10ರಿಂದ 15 ಗ್ರಾಂ, ತಣ್ಣೀರಲ್ಲಿ ಹತ್ತು ನಿಮಿಷ ಕೈ ಬಿಡದೆ ಆಡಿಸಿ. ಹೆಚ್ಚು ಹಾಕಿದ್ರೆ ಬಣ್ಣ ಚಂದ ಬರ್ತದೆ, ಆದ್ರೆ ಬರಬರ್ತಾ ಬಟ್ಟೆ ಪಿಸಿದು ಹೋಗ್ತದೆ. ಕೈಗೆ ಗ್ಲೌಸ್ ಇರಲಿ. ಅನ್ನಭೇದಿಗೆ, ಪಟಿಕಕ್ಕೆ ಬಳಸಿದ ಪಾತ್ರೆ ಮತ್ತೆ ಅಡಿಗೆ ಮನೆಗೆ ಬರಬಾರದು.

ಇನ್ನು ಚಿತ್ತಾರ. ಹಸೆ ಚಿತ್ತಾರದ, ಅಂದ್ರೆ ಮದುವೆ ಮನೆ ಗೋಡೆಗೆ ಬರೆಯೋ ಚಿತ್ರದ, ಎಳೆಗಳು ಸ್ಕಾರ್ಫಿಗೆ ಹೇಳಿ ಮಾಡಿಸಿದ ಹಾಗಿವೆ, ಯಾಕೆಂದ್ರೆ ನೇರ ಗೆರೆ ಮಡಿಕೆಯಲ್ಲಿ ಮುರಿದ್ರೂ ಚಂದವೇ. ಚೊಗರಿನ ಕಂದು ಮೇಲೆ ಅನ್ನಭೇದಿಯಲ್ಲಿ ಬರೆದ್ರೆ ಗೆರೆ ಕಣ್ಣೆದುರೇ ಕಪ್ಪಾಗ್ತದೆ. ಹುಣಸೆಬೀಜದ ಪುಡಿಯನ್ನ ಗಂಜಿ ಹಾಗೆ ಕಾಯಿಸಿ ತಣಿಸಿ, ಲೀಟರಿಗೆ 15 ಗ್ರಾಂ ಅನ್ನಭೇದಿ ಕಲಸಿ, ದೋಸೆಹಿಟ್ಟಿನ ಹದಕ್ಕೆ. ಪುಂಡಿನಾರಿನ ಕುಂಚದಲ್ಲೇ ಬರೀಬಹುದು. ಕೆಳಗೆ ಹಳೇ ಕಂಬಳಿ ಹಾಸಿ ಅದರ ಮೇಲೆ ಬಟ್ಟೆ ಬಿಗಿದು ಪಿನ್ ಮಾಡಿ. ಎರಡು ಎಳೆ ನಡುವೆ 4 ಮಿಲಿಮೀಟರ್ ಬಿಡಿ, ಮಲ್ ಬಟ್ಟೆಯಲ್ಲಿ ಹರಡಿ ಕೂಡಿಕೊಳ್ತದೆ.

ಇದಕ್ಕಿಂತ ಚಂದದ್ದು ಉಲ್ಟಾ ಕೆಲಸ. ಪೂರ್ತಿ ಬೂದು ಮಾಡಿದ ಸ್ಕಾರ್ಫಿನ ಮೇಲೆ, ಅದೇ ಹುಣಸೆಬೀಜದ ಗಂಜಿಗೆ ಅನ್ನಭೇದಿ ಬದಲು ನಿಂಬೆರಸ ಕಲಸಿ ಬರೀರಿ. ನಿಂಬೆಹುಳಿ ಕಬ್ಬಿಣವನ್ನ ಬಿಡಿಸ್ತದೆ, ಗೆರೆ ಇದ್ದ ಕಡೆ ಬೂದು ಹೋಗಿ ತೆಳು ಕಂದು ತೆರೆದುಕೊಳ್ತದೆ. ಹತ್ತಿಪ್ಪತ್ತು ನಿಮಿಷ ನೋಡ್ತಾ ಇದ್ದು ತಕ್ಷಣ ತುಂಬಾ ನೀರಲ್ಲಿ ಜಾಲಿಸಿ. ಹುಳಿ ಬಟ್ಟೆಯಲ್ಲೇ ಒಣಗಿ ಮೇಲಿಂದ ಇಸ್ತ್ರಿ ಬಿದ್ರೆ ಅಲ್ಲಿ ಬಟ್ಟೆ ಬಲ ಕಳ್ಕೊಳ್ತದೆ. ಅತ್ತಿಗೆ, ಒಂದು ಮಾತು. ಚಿತ್ತಾರ ದೀವರು ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆ ಗೋಡೆಗೆ ಬರೆದು ಉಳಿಸಿಕೊಂಡು ಬಂದ ಕಲೆ. ಫೋನಿನಲ್ಲಿ ನೋಡಿ ಕಾಪಿ ಮಾಡಬೇಡಿ. ಬರೆಯೋರನ್ನೇ ಕರೆಸಿ, ಸ್ಕಾರ್ಫಿಗೆ ಇಷ್ಟು ಅಂತ ಕೂಲಿ ಮಾತಾಡಿ, ಅವರು ಒಪ್ಪಿದ್ರೆ ಲೇಬಲ್ಲಿನ ಮೇಲೆ ಅವರ ಹೆಸರು ಹಾಕಿ.

ನೀವು ಕಳಿಸಿದ ಮೂರನೇ ಫೋಟೊ, ತಲೆ ಮೇಲೆ ಬೀಸಣಿಗೆ ಹಾಗೆ ನಿಂತದ್ದು, ಅದು ನೈಜೀರಿಯಾದ ಯೊರುಬಾ ಹೆಂಗಸರ ಗೆಲೆ. ಬಟ್ಟೆ ಬಿರುಸಾಗಿರೋದರಿಂದ ಅದು ನಿಲ್ತದೆ. ನಮ್ಮ ಮಲ್‌ನಲ್ಲಿ ಆಗಲ್ಲ. ಗಂಜಿ ಹಾಕಿದ್ರೆ ಬೇಸಿಗೇಲಿ ನಿಲ್ತದೆ, ಆಷಾಢದ ಥಂಡಿಗೆ ಒಂದು ಗಂಟೆಯಲ್ಲಿ ಸೋತು ಹೋಗ್ತದೆ, ಎತ್ತಿಟ್ರೆ ಬೂಷ್ಟು.

ಮಳೆಗಾಲಕ್ಕೆ ತಲೆ ಮೇಲಿಂದ ಹೊದ್ದುಕೊಳ್ಳೋ ನಮ್ಮದೇ ಕಂಬಳಿ ಕೊಪ್ಪೆ ಇದೆಯಲ್ಲ, ಅದನ್ನೇ ಸ್ಕಾರ್ಫ್ ಮಾಡಿ. 73 ಇಂಚು ಉದ್ದ, 25 ಇಂಚು ಅಗಲದ ತೆಳು ಉಣ್ಣೆ ಅಥವಾ ದಪ್ಪ ಕಾಟನ್. ಉದ್ದಕ್ಕೆ ಮಡಚಿ ಸುತ್ತ ಹೊಲಿದು, ಬಿಟ್ಟ ಸಂದಿಯಿಂದ ತಿರುಗಿಸಿದ್ರೆ 72ಕ್ಕೆ 12ರ ಎರಡು ಪದರದ ಪಟ್ಟಿ. ಈಗ ಅಡ್ಡಕ್ಕೆ ಅರ್ಧ ಮಡಚಿ, ಮಡಿಕೆಯಿಂದ ಕೆಳಗೆ 13 ಇಂಚು ಒಂದೇ ಬದಿ ಹೊಲೀರಿ. ಅದು ಹಿಂದಲೆಗೆ ಬರೋ ಹೊಲಿಗೆ, ಮೇಲೆ ಕೊಪ್ಪೆಯ ಚೂಪು ತುದಿ ತಾನಾಗಿ ನಿಲ್ತದೆ, ಕೆಳಗಿನ ಎರಡು ಸೆರಗು ಕುತ್ತಿಗೆಗೆ ಸುತ್ತೋಕೆ. ಉಣ್ಣೆ ಆದ್ರೆ ಮುಖದ ಅಂಚಿಗೆ ಒಳಗಿಂದ ಮೂರು ಇಂಚು ಮಲ್ ಪಟ್ಟಿ ಕೊಡಿ, ಇಲ್ದಿದ್ರೆ ಹಣೆ ತುರಿಸ್ತದೆ.

ಚಿಕ್ಕಮ್ಮ, ಕೀಮೋ ಆದವರ ತಲೆ ಚರ್ಮ ಎಷ್ಟೋ ಸಲ ನೋಯ್ತಿರ್ತದೆ. ಒಳಗೆ ಹೊಲಿಗೆ ಅಂಚೇ ತಾಗಬಾರದು, ಟೋಪಿ ಹೊಲಿದು ಒಳಮುಖವನ್ನ ಹೊರಗೆ ಮಾಡಿದ್ರೂ ಸರಿ. ಹಳೇ ಮೆತ್ತನೆ ಬನಿಯನ್ ಬಟ್ಟೆಯ ಟೋಪಿ, ಅದರ ಮೇಲೆ 36 ಇಂಚಿನ ಮಲ್ ಚೌಕ. ಕೂದಲಿಲ್ಲದಾಗ ಸ್ಕಾರ್ಫ್ ಚಪ್ಪಟೆ ಕೂರ್ತದೆ, ಒಳಗಿನ ಟೋಪಿ ಸ್ವಲ್ಪ ಮೈ ಕೊಡ್ತದೆ, ಜಾರೋದನ್ನೂ ತಡೀತದೆ. ಪಿನ್ ಬೇಡ, ವೆಲ್‌ಕ್ರೋ ಬೇಡ, ಎಲಾಸ್ಟಿಕ್ ಬೇಡ. ಗಂಟು ಪಕ್ಕಕ್ಕೆ, ಕಿವಿ ಕೆಳಗೆ ಇರಲಿ, ಹಿಂದೆ ಇದ್ರೆ ಮಲಗಿದಾಗ ಒತ್ತುತ್ತದೆ. ಇವರಿಗೆ ಕೊಡೋದಕ್ಕೆ ಚೊಗರಿನ ಬಣ್ಣವೂ ಬೇಡ, ಬಿಳಿ ಮಲ್ ಎರಡು ಸಲ ಒಗೆದು ಕೊಡಿ.

ಮಾರೋ ಮುಂಚೆ ಪ್ರತಿ ಬಣ್ಣದಲ್ಲೂ ಒಂದನ್ನ ಉಪ್ಪುನೀರಲ್ಲಿ ಅದ್ದಿ ಹಿಂಡಿ, ಬಿಳಿ ಬಟ್ಟೆ ಜೊತೆ ಸುತ್ತಿ ರಾತ್ರಿ ಇಡಿ. ಬೆವರಿಗೆ ಹಣೆಗೆ ಬಣ್ಣ ಹತ್ತುತ್ತದೋ ಇಲ್ವೋ ಬೆಳಿಗ್ಗೆ ಗೊತ್ತಾಗ್ತದೆ. ಹತ್ತಿದ್ರೆ ಇನ್ನೂ ಜಾಲಿಸಬೇಕು ಅಂತ. ಈ ಭಾನುವಾರ ಮೂರೇ ತುಂಡು ಅದ್ದಿ: ಪಟಿಕದ್ದು, ಸುಣ್ಣದ್ದು, ಅನ್ನಭೇದಿದು. ಒಣಗಿದ ಮೇಲೆ ಜಗಲಿ ಬೆಳಕಲ್ಲಿ ಫೋಟೊ ತೆಗೆದು ಇಲ್ಲೇ ಹಾಕಿ. ಒದ್ದೆ ಇದ್ದಾಗ ತೆಗೀಬೇಡಿ, ಒದ್ದೆ ಬಟ್ಟೆ ಹೆಚ್ಚು ಗಾಢ ಕಾಣ್ತದೆ.